ತಿದ್ದತಕ್ಕದ್ದು ಯಾರು?

ನಿನ್ನೆ ರಾತ್ರಿ ಊಟಕ್ಕೆ ಕೂತಿದ್ದಾಗ ತಮ್ಮನ ಮಗಳು ಮೊಬೈಲ್ ಹಿಡಿದುಕೊಂಡು ಬಂದಳು. ಅವಳು ಅರ್ಜಿ ಹಾಕಿದ್ದ ಹುದ್ದೆಗೆ ಮೂರನೆಯ ‘ಕೊರಿಜೆಂಡಮ್’ ಬಂದಿದೆ. ಮೊದಲನೆಯದು ಪರೀಕ್ಷೆಯ ದಿನಾಂಕ ತಿದ್ದಿತ್ತು, ಎರಡನೆಯದು ವಯೋಮಿತಿ. ಮೂರನೆಯದು ಎರಡನೆಯದನ್ನೇ ತಿದ್ದುತ್ತಿದೆ. “ಕೊರಿಜೆಂಡಮ್ ಎಂದರೇನು ದೊಡ್ಡಪ್ಪ?” ಎಂದಳು. ಕೇಳಿದ್ದು ಯಾರನ್ನು! ಇಪ್ಪತ್ತೆರಡು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವನನ್ನು. ಸಾರನ್ನ ಆರಿ ತಣ್ಣಗಾಯಿತು.

ಲ್ಯಾಟಿನ್ನಿನಲ್ಲಿ ‘ರೆಗೆರೆ’ ಎಂದರೆ ನೇರವಾಗಿ ನಡೆಸು, ಆಳು. ಅದರಿಂದ ಹುಟ್ಟಿದ್ದು ‘ಕೊರಿಗೆರೆ’, ನೆಟ್ಟಗೆ ಮಾಡು. ಇಂಗ್ಲಿಷಿನ ಕರೆಕ್ಟ್ ಇದರ ಕುಡಿಯೇ. ಸಂಸ್ಕೃತದ ‘ಋಜು’ ದೂರದ ನೆಂಟ. ನನ್ನ ಹೊಟ್ಟೆಯುರಿ ಇರುವುದು ಪದದ ಬಾಲದಲ್ಲಿ, ಆ ‘ಎಂಡಮ್’ನಲ್ಲಿ. ಅಜೆಂಡಾ ಎಂದರೆ ಮಾಡತಕ್ಕವು, ಮೆಮೊರಾಂಡಮ್ ನೆನಪಿಡತಕ್ಕದ್ದು, ಕೊರಿಜೆಂಡಮ್ ತಿದ್ದತಕ್ಕದ್ದು. ನಮ್ಮ ‘ತಕ್ಕದ್ದು’ ಆ ಬಾಲಕ್ಕೆಂದೇ ಅಳತೆ ಕೊಟ್ಟು ಹೊಲಿಸಿದಂತಿದೆ. ಅಂದರೆ ಅದು ಮೂಲದಲ್ಲಿ ತಪ್ಪಿನ ಹೆಸರು: ಇಗೋ, ಇಲ್ಲಿ ಸೊಟ್ಟಗಿದೆ, ನೆಟ್ಟಗೆ ಮಾಡಬೇಕು.

ಕಚೇರಿಯವರು ಏನು ಬರೆಯುತ್ತಾರೆ? ‘ಎಂಬುದರ ಬದಲಿಗೆ ಹೀಗೆಂದು ಓದಿಕೊಳ್ಳತಕ್ಕದ್ದು.’ ತಕ್ಕದ್ದು ಉಳಿಯಿತು, ಕ್ರಿಯಾಪದ ಬದಲಾಯಿತು, ಕೆಲಸ ನಮ್ಮ ತಲೆಗೆ ಬಂತು! ತಪ್ಪು ಮಾಡಿದವರು ಅವರು, ಓದಿಕೊಳ್ಳತಕ್ಕವರು ನಾವು. ‘ತಿದ್ದೋಲೆ’ ಎಂಬ ಅಚ್ಚುಕಟ್ಟಾದ ಕನ್ನಡ ಪದ ಸರ್ಕಾರಿ ಕಡತಗಳಲ್ಲೇ ಇದೆ. ಆದರೆ ಅದು ಎಲ್ಲರಿಗೂ ಅರ್ಥವಾಗಿಬಿಡುತ್ತದಲ್ಲ, ಅದೇ ತೊಂದರೆ.

ಅದು ಕಾನೂನಿನ ಭಾಷೆ, ಪ್ರತಿ ತಪ್ಪಿಗೂ ಕ್ಷಮೆ ಕೇಳುತ್ತ ಕೂರಲಾಗುತ್ತದೆಯೇ ಎಂದು ನಿವೃತ್ತ ಗೆಳೆಯರೊಬ್ಬರು ಫೋನಿನಲ್ಲಿ ಗದರಿದರು. ಕ್ಷಮೆ ಯಾರಿಗೆ ಬೇಕು ಸ್ವಾಮಿ? ಹಳೆಯ ಪುಸ್ತಕಗಳ ಕೊನೆಯಲ್ಲಿ ‘ತಪ್ಪು–ಒಪ್ಪು’ ಪಟ್ಟಿ ಇರುತ್ತಿತ್ತು. ತಪ್ಪು ಎಂಬ ಪದವನ್ನು ಅಚ್ಚು ಹಾಕಲು ಅವರಿಗೆ ನಾಚಿಕೆ ಇರಲಿಲ್ಲ.

ನಾನೇನು ಸಾಚಾ ಅಲ್ಲ. ಒಮ್ಮೆ ಲಗ್ನಪತ್ರಿಕೆಯೊಂದರಲ್ಲಿ ಶುಕ್ರವಾರ ಗುರುವಾರವಾಗಿದ್ದು ನನ್ನ ಕಣ್ಣು ತಪ್ಪಿತ್ತು. ರಾತ್ರಿಯಿಡೀ ಮಾಲೀಕರ ಜೊತೆ ಕುಳಿತು ನಾಲ್ಕು ನೂರು ಚೀಟಿ ಅಂಟಿಸಿದೆ. ‘ಶುಕ್ರವಾರ ಎಂದು ಓದಿಕೊಳ್ಳತಕ್ಕದ್ದು’ ಎಂದು ಹೇಳಿ ಕಳುಹಿಸಿದ್ದರೆ ಹೆಣ್ಣಿನ ತಂದೆ ನನ್ನನ್ನೇ ನೆಟ್ಟಗೆ ಮಾಡುತ್ತಿದ್ದರು.

ಹುಡುಗಿ ಈಗ ಮೂರೂ ಪ್ರಕಟಣೆಗಳನ್ನು ಮುದ್ರಿಸಿಕೊಂಡು ಬಂದು, ಯಾವುದರ ಬದಲಿಗೆ ಯಾವುದು ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದಾಳೆ. ನಾನು ಮಾಡುತ್ತಿದ್ದ ಕೆಲಸವೇ. ನನಗಾದರೆ ಸಂಬಳ ಬರುತ್ತಿತ್ತು.