ಕಾಕಾ, ಎಂ-ಸೀಲ್ ಮತ್ತು ಸ್ನೋಬೋರ್ಡ್

ನಮ್ಮ ಬೆಳಗಾವಿಯಲ್ಲಿ ಆಕಾಶದಿಂದ ಬೀಳುವುದು ಎರಡೇ. ಜೂನ್‌ನಲ್ಲಿ ಹಿಡಿದರೆ ಬಿಡದ ಮಳೆ, ಬೇಸಿಗೆಯಲ್ಲಿ ಎಂದಾದರೊಮ್ಮೆ ಆಣೆಕಲ್ಲು. ಹಿಮವನ್ನು ನಾವು ನೋಡಿದ್ದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ. ಅದು ಜಾಸ್ತಿ ಆದರೆ ಅವ್ವ ಸ್ವಿಚ್ ಆಫ್ ಮಾಡಿ, ಕೆಳಗೆ ಹಳೇ ಟವೆಲ್ ಹಾಸಿ ಕರಗಿಸುತ್ತಾಳೆ. ಇಂಥ ಊರಿನಲ್ಲಿ, ಶಹಾಪುರದ ನಮ್ಮ ಮನೆಗೆ, ಒಂದು ಸ್ನೋಬೋರ್ಡ್ ಬಂತು. ಅಂದರೆ ಹಿಮದ ಮೇಲೆ ನಿಂತು ಜಾರುವ ಹಲಗೆ.

ಕಳಿಸಿದವನು ಕಾಕಾನ ಮಗ. ಕೆಳಗಿನ ಮನೆ ನಮ್ಮದು, ಮಾಳಿಗೆ ಮನೆ ಕಾಕಾನದು. ಈ ತಮ್ಮ ಕೆಲವು ವರ್ಷ ಕೆನಡಾದಲ್ಲಿದ್ದು, ಈಗ ಬೆಂಗಳೂರಿಗೆ ಬಂದು ಸೇರಿದ್ದಾನೆ. ಅಲ್ಲಿನ ಫ್ಲ್ಯಾಟಿನಲ್ಲಿ ಬೋರ್ಡ್ ಇಡಬೇಕು ಅಂದರೆ ಹೆಂಡತಿ ಹೊರಗೆ ನಿಲ್ಲಬೇಕು. ಅದಕ್ಕೇ ಬೋರ್ಡನ್ನೂ ಬೂಟುಗಳನ್ನೂ ಲಾರಿಗೆ ಹಾಕಿ ನನಗೆ ದಾಟಿಸಿದ. "ಅಣ್ಣಾ, ಜನವರಿಯಾಗ ಗುಲ್ಮಾರ್ಗ್‌ಗೆ ಹೋಗೂಣು. ಬೈಂಡಿಂಗ್ ಒಂದ್ ನೀನ ತಗೊಂಡಬಿಡು" ಅಂದ. ಹಳೇ ಬೈಂಡಿಂಗನ್ನು ಅಲ್ಲೇ ಯಾರಿಗೋ ಮಾರಿ ಬಂದಿದ್ದನಂತೆ.

ಬೂಟು ಮಾತ್ರ ನನ್ನ ಕಾಲಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತವು. 27 ಸೆಂಟಿಮೀಟರಿನ ಪಾದ, ಇಬ್ಬರದೂ ಒಂದೇ. ಅಜ್ಜನಿಂದ ಬಂದ ಆಸ್ತಿಯಲ್ಲಿ ಕೋರ್ಟಿಗೆ ಹೋಗದೆ ನಾವು ಹಂಚಿಕೊಂಡದ್ದು ಅದೊಂದೇ.

ಬೈಂಡಿಂಗ್ ಅಂದರೆ ಬೂಟನ್ನು ಬೋರ್ಡಿಗೆ ಕಟ್ಟಿ ಹಾಕುವ ಸಾಮಾನು. ಕೆಳಗೆ ಒಂದು ತಟ್ಟೆ, ಹಿಂದೆ ಮೀನಖಂಡಕ್ಕೆ ಆತುಕೊಳ್ಳುವ ಹೈಬ್ಯಾಕ್, ಮುಂದೆ ಎರಡು ಪಟ್ಟಿ. ಒಂದು ಪಾದದ ಗಂಟಿನ ಮುಂದೆ, ಇನ್ನೊಂದು ಬೆರಳಿನ ಮೇಲೆ. ತಿಳಿದವರು ಮೊದಲು ಬೂಟು ಕೊಳ್ಳುತ್ತಾರೆ, ಆಮೇಲೆ ಉಳಿದದ್ದನ್ನು ಅದಕ್ಕೆ ಹೊಂದಿಸುತ್ತಾರೆ. ಬಿಟ್ಟಿ ಬಂದ ಬೋರ್ಡಿಗೆ ಆ ಕ್ರಮ ಎಲ್ಲಿಂದ ತರೋದು? ಆಕಳು ಮೊದಲು ಬಂತು, ಗೂಟ ಆಮೇಲೆ ಹುಡುಕಬೇಕಾಯಿತು.

ಮೊದಲ ಸಲಹೆ ಕಾಕಾನದೇ. "ಹಗ್ಗಾ ಕಟ್ಟಲೇ. ರವಿವಾರ ಪೇಟ್ಯಾಗ ನೈಲಾನ್ ಹಗ್ಗಾ ತೂಕದ ಮ್ಯಾಲ ಕೊಡ್ತಾರ." ನಕ್ಕುಬಿಟ್ಟೆ. ರಾತ್ರಿ ಓದುತ್ತಾ ಕೂತರೆ, ಈ ಆಟ ಶುರುವಾದದ್ದೇ ಹಗ್ಗದಿಂದ! 1965ರ ಕ್ರಿಸ್‌ಮಸ್ ದಿನ ಅಮೆರಿಕದ ಮಿಶಿಗನ್‌ನಲ್ಲಿ ಶರ್ಮನ್ ಪೋಪನ್ ಎಂಬಾತ ಮಕ್ಕಳ ಗದ್ದಲ ತಡೆಯಲಾರದೆ ಎರಡು ಸ್ಕೀ ಹಲಗೆ ಜೋಡಿಸಿ ಕೊಟ್ಟನಂತೆ. ಅದೇ ಸ್ನರ್ಫರ್ ಆಯಿತು. ಮಾರಾಟಕ್ಕೆ ಬಂದಾಗ ಅದರ ಮೂತಿಗೆ ಒಂದು ಹಗ್ಗ, ಅಷ್ಟೇ. ಕಾಲಿಗೆ ಕಟ್ಟು ಇರಲೇ ಇಲ್ಲ. ಆಮೇಲೆ ಜೇಕ್ ಬರ್ಟನ್ ಕಾರ್ಪೆಂಟರ್ ಥರದವರು ಅದರ ಮೇಲೆ ಕಾಲು ನಿಲ್ಲುವಂತೆ ಮಾಡಲು ಒದ್ದಾಡಿದರು. ಅವನು ಕಂಪನಿ ಶುರು ಮಾಡಿದ್ದು 1977ರಲ್ಲಿ. ಇದನ್ನು ಕಾಕಾಗೆ ಹೇಳಲಿಲ್ಲ. ಹೇಳಿದ್ದರೆ ಮರುದಿನ ಹಗ್ಗ ಬರುತ್ತಿತ್ತು.

ಆಮೇಲೆ ಯಾವ ಕಾಲು ಮುಂದೆ ಅನ್ನುವ ಪ್ರಶ್ನೆ ಬಂತು. ಎಡಗಾಲು ಮುಂದಿದ್ದರೆ ರೆಗ್ಯುಲರ್, ಬಲಗಾಲು ಮುಂದಿದ್ದರೆ ಗೂಫಿ. ಇದರಲ್ಲಿ ಸರಿ ತಪ್ಪು ಇಲ್ಲ, ಮೈ ಯಾವುದನ್ನು ಆರಿಸುತ್ತದೋ ಅದು. ಕಂಡುಹಿಡಿಯಲು ಕಾಲುಚೀಲ ಹಾಕಿ ನುಣ್ಣನೆ ನೆಲದ ಮೇಲೆ ಜಾರಬೇಕು. ಇಲ್ಲವೇ ಹೇಳದೆ ಕೇಳದೆ ಯಾರಾದರೂ ಹಿಂದಿನಿಂದ ನೂಕಬೇಕು, ಆಗ ಯಾವ ಕಾಲು ಮುಂದೆ ಬರುತ್ತೆ ನೋಡಬೇಕು. ಎರಡನೆಯದನ್ನು ಅಕ್ಕನ ಮಗನ ಮುಂದೆ ಬಾಯಿ ಬಿಟ್ಟೆ. ಅವನಿಗೆ ವಿಜ್ಞಾನದಲ್ಲಿ ತುಂಬಾ ಆಸಕ್ತಿ. ನಾನು ಚಹಾ ಕಪ್ಪು ಹಿಡಿದುಕೊಂಡು ಬರುವಾಗ ನೂಕಿದ. ಚಹಾ ಶಹಾಬಾದ್ ಕಲ್ಲಿನ ಮೇಲೆ ಹೋಯಿತು, ಎಡಗಾಲು ಮುಂದೆ ಬಂತು. "ಎಡಗಾಲ ಮಾಮಾ, ಎಡಗಾಲ!" ಎಂದು ಕುಣಿದ.

ಅವ್ವನಿಗೆ ಸಮಾಧಾನ ಆಗಲಿಲ್ಲ. "ಹೊಸಾದ್ ಏನರೆ ಶುರು ಮಾಡೂಮುಂದ ಯಾರರೆ ಎಡಗಾಲ ಮುಂದ ಇಡ್ತಾರೇನು? ಬಲಗಾಲ ಇಡು." ಎಡಗಾಲು ಮುಂದಿಟ್ಟು ಹಿಮದ ಮೇಲೆ ಇಳಿಯೋಕೆ ಇವತ್ತಿಗೂ ಅವಳ ಒಪ್ಪಿಗೆ ಸಿಕ್ಕಿಲ್ಲ.

ಇಷ್ಟರವರೆಗೆ ಎಲ್ಲ ಸುಸೂತ್ರ. ರಗಳೆ ಶುರುವಾದದ್ದು ಬೋರ್ಡಿನ ತೂತಿನಿಂದ. ಬೈಂಡಿಂಗನ್ನು ಸ್ಕ್ರೂ ಹಾಕಿ ಕೂಡಿಸಲು ಬಹಳ ಬೋರ್ಡುಗಳಲ್ಲಿ ತೂತುಗಳ ಸಾಲು ಇರುತ್ತದೆ. ನಾಲ್ಕು ಸೆಂಟಿಮೀಟರಿಗೊಂದು ತೂತಿದ್ದರೆ ಫೋರ್ ಬೈ ಫೋರ್, ಉದ್ದಕ್ಕೆ ಎರಡೆರಡು ಸೆಂಟಿಮೀಟರಿಗಿದ್ದರೆ ಟೂ ಬೈ ಫೋರ್. ಬರ್ಟನ್ ಕಂಪನಿಯ ಹಳೇ ಬೋರ್ಡುಗಳಲ್ಲಿ ಮೂರು ತೂತಿನ ಇನ್ನೊಂದು ಲೆಕ್ಕ. ನಮ್ಮ ಬೋರ್ಡಿನಲ್ಲಿ ತೂತೇ ಇಲ್ಲ. ನಡುವೆ ಉದ್ದಕ್ಕೆ ಎರಡು ಸೀಳು. ಇದಕ್ಕೆ ಚಾನೆಲ್ ಅನ್ನುತ್ತಾರೆ. ನಟ್ಟು ಅದರೊಳಗೆ ಹಿಂದೆ ಮುಂದೆ ಜಾರುತ್ತದೆ, ಬೇಕಾದ ಕಡೆ ನಿಲ್ಲಿಸಿ ಬಿಗಿಯಬೇಕು.

ನೋಡಲು ಬಂದವರೆಲ್ಲ ಬೋರ್ಡ್ ಒಡೆದಿದೆ ಅಂದರು. ಬಾಜೂಮನೆಯವರು "ಲಾರ್‍ಯಾಗ ಬರೂಮುಂದ ಸೀಳೈತಿ, ಕ್ಲೇಮ್ ಮಾಡ್ರಿ" ಅಂದರು. ಕಾಕಾ ಏನೂ ಅನ್ನಲಿಲ್ಲ. ಅದೇ ನನಗೆ ಹೊಳೆಯಬೇಕಿತ್ತು. ಕಾಕಾ ನೌಕರಿಯ ಮೂವತ್ತು ಮೂವತ್ತೈದು ವರ್ಷವನ್ನು ರಸ್ತೆಯ ಗುಂಡಿ ಮುಚ್ಚಿಸುವುದರಲ್ಲಿ ಕಳೆದವರು. ಬಿರುಕು ಕಂಡರೆ ಅವರ ಕೈ ಸುಮ್ನೆ ಇರೋದಿಲ್ಲ. ನಾನು ಆಫೀಸಿನಿಂದ ಬರುವಷ್ಟರಲ್ಲಿ ಒಂದು ಸೀಳಿನ ಅರ್ಧ ಭಾಗ ಎಂ-ಸೀಲ್ ತುಂಬಿ, ಬೆರಳಿಗೆ ನೀರು ಹಚ್ಚಿ ನುಣ್ಣಗೆ ಸವರಿ, ಮೇಲೆ ಪೇಪರ್ ಮುಚ್ಚಿ ಇಟ್ಟಿದ್ದರು. ಕೆಲಸ ಮಾತ್ರ ಅಚ್ಚುಕಟ್ಟು. ಗುಂಡಿಗಳನ್ನೂ ಹೀಗೇ ಮುಚ್ಚಿಸಿದ್ದರೆ ಊರು ಇನ್ನೂ ನೆನೆಯುತ್ತಿತ್ತು.

"ಇನ್ನೊಂದಕ್ಕ ಮಾಲು ಸಾಲಲಿಲ್ಲ, ನಾಳಿ ತರ್ತೀನಿ" ಅಂದರು.

"ಕಾಕಾ, ಅದು ಬೇಕಂತನ ಬಿಟ್ಟ ಸೀಳು!"

"ಬೇಕಂತ ಯಾರ್ ಸೀಳು ಬಿಡ್ತಾರೋ? ನೀರ್ ಒಳಗ ಹೋಗಿ ಕಟಿಗಿ ಕೊಳೀಬೇಕೇನು?"

ಮರುದಿನ ಬೋರ್ಡನ್ನು ಆಟೋದ ಹಿಂದಿನ ಸೀಟಿನಲ್ಲಿ ಅಡ್ಡ ಮಲಗಿಸಿಕೊಂಡು, ಎರಡೂ ತುದಿ ಹೊರಗೆ ಚಾಚಿಕೊಂಡು, ಮೂರನೇ ರೈಲ್ವೆ ಗೇಟು ದಾಟಿ ಉದ್ಯಮಬಾಗಕ್ಕೆ ಹೋದೆ. ಫೌಂಡ್ರಿ, ಲೇಥು, ಸಿಎನ್‌ಸಿ ಇವೆಲ್ಲ ಅಲ್ಲಿ ಗೋಡೆಗೆ ಗೋಡೆ ಹಚ್ಚಿಕೊಂಡಿವೆ. ಗೆಳೆಯನ ಪರಿಚಯದ ಒಬ್ಬ ಮಿಸ್ತ್ರಿ ಮಷಿನ್ ನಿಲ್ಲಿಸಿ ಬಂದರು. ಕೈಯನ್ನು ಕಾಟನ್ ವೇಸ್ಟಿಗೆ ಒರೆಸಿಕೊಂಡರು. ಕಾಕಾನ ಕೈಗೆ ಸಿಗದೆ ಉಳಿದ ಸೀಳಿಗೆ ವರ್ನಿಯರ್ ಇಟ್ಟರು, ಟಾರ್ಚ್ ಬಿಟ್ಟು ಒಳಗೆ ನೋಡಿದರು.

"ಇದು ಟಿ-ಸ್ಲಾಟ್ ರೀ. ಮಿಲ್ಲಿಂಗ್ ಮಷಿನ್ ಬೆಡ್ಡಿಗೆ ಇರ್ತೈತಲ್ಲ, ಹಂಗ. ಒಳಗ ನಟ್ಟು ಸರೀತೈತಿ. ಬೋಲ್ಟು ಎಂ-6 ಇರಬೇಕು. ಹೌದಿಲ್ಲೋ?"

ಹೌದು! ನಾನು ರಾತ್ರಿಯಿಡೀ ವಿಡಿಯೋ ನೋಡಿ ತಿಳಿದುಕೊಂಡದ್ದನ್ನು ಅವರು ಚಹಾ ಬರುವ ಮೊದಲೇ ಹೇಳಿ ಮುಗಿಸಿದ್ದರು. ಹಿಮದ ಬಗ್ಗೆ ಅವರಿಗೆ ಗೊತ್ತಿದ್ದು ನನಗೆ ಗೊತ್ತಿದ್ದಷ್ಟೇ, ಅಂದರೆ ಏನೂ ಇಲ್ಲ. ಆದರೆ ಬೈಂಡಿಂಗ್ ಆರಿಸುವುದು ಮುಕ್ಕಾಲು ಪಾಲು ಹಿಮದ ವಿಷಯವೇ ಅಲ್ಲ. ಅದು ಫಿಟ್ಟಿಂಗಿನ ವಿಷಯ, ಮತ್ತು ಫಿಟ್ಟಿಂಗಿನ ವಿಷಯದಲ್ಲಿ ಉದ್ಯಮಬಾಗ ಯಾವ ಸ್ವಿಟ್ಜರ್ಲೆಂಡಿಗೂ ಸಲಾಮು ಹೊಡೆಯಬೇಕಾಗಿಲ್ಲ.

ಎಂ-ಸೀಲ್ ಗಟ್ಟಿಯಾಗಿ ಕಲ್ಲಾಗಿತ್ತು. ಬಿಸಿ ಗಾಳಿ ಬಿಟ್ಟು ಮೆತ್ತಗೆ ಮಾಡಬಹುದಲ್ವಾ ಅಂದೆ. "ಬ್ಯಾಡ್ರಿ. ಹಲಗಿ ಒಳಗೂ ಪದರಾ ಅಂಟಿಸಿರ್ತಾರ. ಬಿಸಿಗೆ ಅದೂ ಬಿಟ್ಕೊಂಡ್ರ ಏನ್ ಮಾಡ್ತೀರಿ?" ಅಂದರು. ಒಂದು ಮುರಿದ ಹ್ಯಾಕ್ಸಾ ಬ್ಲೇಡನ್ನು ಗ್ರೈಂಡರಿಗೆ ಹಿಡಿದು ತುದಿಯನ್ನು ಕೊಕ್ಕೆ ಮಾಡಿಕೊಂಡರು. ಕಿಡಿ ಹಾರುವುದು ನಿಂತ ಮೇಲೆ ನೀರಿಗೆ ಅದ್ದಿದರು. ಆಮೇಲೆ ಕಿವಿಯ ಗುಗ್ಗೆ ತೆಗೆಯುವಷ್ಟು ನಿಧಾನಕ್ಕೆ ಒಂದೊಂದೇ ಚೂರು ಕಿತ್ತು ಹೊರಗೆ ಹಾಕಿದರು. ಕೊನೆಗೆ ಒಂದು ನಟ್ಟು ಒಳಗೆ ಬಿಟ್ಟು ಈ ತುದಿಯಿಂದ ಆ ತುದಿಗೆ ಓಡಿಸಿ ತೋರಿಸಿದರು.

ದುಡ್ಡು ಬೇಡ ಅಂದರು. ಒಂದು ಪ್ರಶ್ನೆ ಮಾತ್ರ ಕೇಳಿದರು. "ಇದಕ್ಕ ಬ್ರೇಕ್ ಎಲ್ಲೈತ್ರಿ?"

ಬ್ರೇಕ್ ಇಲ್ಲ, ಬೋರ್ಡನ್ನು ಅಡ್ಡ ತಿರುಗಿಸಿ ಅಂಚನ್ನು ಹಿಮಕ್ಕೆ ಒತ್ತಬೇಕು, ಕಾಲಿನ ಒತ್ತಡ ಬೈಂಡಿಂಗ್ ಮೂಲಕ ಅಂಚಿಗೆ ಹೋಗುತ್ತದೆ ಎಂದೆ. ಸ್ವಲ್ಪ ಹೊತ್ತು ಬೋರ್ಡನ್ನೇ ನೋಡಿದರು. "ಅಂದ್ರ ಬ್ರೇಕಿನ ಲಿಂಕೇಜ್ ಇದs ಆತಲ್ರಿ. ಭಾಳ ಸಡ್ಲ ಇದ್ರ ಬ್ರೇಕ್ ತಡಾ ಹಿಡೀತೈತಿ. ಭಾಳ ಬಿಗಿ ಇದ್ರ ಮುಟ್ಟಿದ ಕೂಡ್ಲೆ ಹಿಡದು ಮಂದಿನ್ನ ಒಗೀತೈತಿ. ನಡುವಿಂದು ತಗೋರಿ."

ಬೈಂಡಿಂಗುಗಳ ಫ್ಲೆಕ್ಸ್, ಅಂದರೆ ಅವು ಎಷ್ಟು ಬಾಗುತ್ತವೆ ಅನ್ನುವುದರ ಬಗ್ಗೆ ಇದಕ್ಕಿಂತ ಒಳ್ಳೆ ಮಾತು ನನಗೆ ಆಮೇಲೂ ಎಲ್ಲೂ ಸಿಗಲಿಲ್ಲ. ಕಂಪನಿಯವರು 1ರಿಂದ 10ರವರೆಗೆ ನಂಬರು ಕೊಡುತ್ತಾರೆ. 1 ಅಂದರೆ ಮೆದು, 10 ಅಂದರೆ ಕಟ್ಟಿಗೆ. ಆದರೆ ಒಬ್ಬರ 5 ಇನ್ನೊಬ್ಬರ 5 ಅಲ್ಲ. ಹೊಸಬರಿಗೆ ಮೆದುವಿನಿಂದ ಮಧ್ಯಮದವರೆಗಿನದು ಸಾಕು. ಬೋರ್ಡೂ ಬೂಟೂ ಅದೇ ಜಾತಿಯವು ಇದ್ದರೆ ಮೂವರೂ ಒಂದೇ ಮಾತು ಕೇಳುತ್ತಾರೆ. ತಮ್ಮನ ಬೋರ್ಡ್ ಕಲಿಯುವವರದ್ದು, ಕೈಯಲ್ಲಿ ತಿರುಚಿದರೆ ತಿರುಚಿಕೊಳ್ಳುತ್ತದೆ. ಅದರ ಮೇಲೆ ಕಟ್ಟಿಗೆಯಂಥ ಬೈಂಡಿಂಗ್ ಹಾಕಿದರೆ ಕಾಲಿನ ಪ್ರತಿ ನಡುಕವೂ ಅಂಚಿಗೆ ಹೋಗಿ ನಾಟುತ್ತದೆ.

ಇದನ್ನು ಉತ್ತರದ ಒಂದು ಅಂಗಡಿಯವನಿಗೆ ಫೋನಿನಲ್ಲಿ ಹೇಳಿದರೆ ಅವನು ಕೇಳುವ ಸ್ಥಿತಿಯಲ್ಲೇ ಇರಲಿಲ್ಲ. ಅವನ ಹತ್ತಿರ ಎಲ್ಲಕ್ಕಿಂತ ಬಿಗಿಯಾದ, ಎಲ್ಲಕ್ಕಿಂತ ದುಬಾರಿಯ ಒಂದು ಜೊತೆ ಉಳಿದಿತ್ತು. ಅಫರ್ವಟ್ ಬೆಟ್ಟ ಇಳಿಯೋಕೆ ಇದೇ ಬೇಕು ಸರ್ ಅಂದ. ಗುಲ್ಮಾರ್ಗದ ಗೊಂಡೊಲಾ ಎಂಬ ರೋಪ್‌ವೇ ಎರಡನೇ ಹಂತದಲ್ಲಿ ಆ ಬೆಟ್ಟದ ಮೇಲೆ ಸುಮಾರು 3,950 ಮೀಟರಿಗೆ ಒಯ್ದು ಬಿಡುತ್ತದೆ. ನಾನು ಸುಮಾರು 750 ಮೀಟರ್ ಎತ್ತರದ ಊರಿನವನು. ಮಾಳಿಗೆಯಿಂದ ಇಳಿಯುವಾಗಲೂ ಕಟಾಂಜನ ಹಿಡಿಯುತ್ತೇನೆ. ಕೆಳಗಿನ ಸಣ್ಣ ಇಳಿಜಾರು ಸಾಕಪ್ಪ ಅಂದೆ. ಅವನಿಗೆ ಬೇಜಾರಾಯಿತು.

ಉಳಿದ ಆಯ್ಕೆ ಬೇಗ ಮುಗಿಯಿತು. ಸ್ಟೆಪ್ ಆನ್ ಅನ್ನುವ ಜಾತಿಯಲ್ಲಿ ಪಟ್ಟಿ ಇಲ್ಲ, ಕಾಲಿಟ್ಟರೆ ಟಕ್ ಎಂದು ಕೂರುತ್ತದೆ. ಅದಕ್ಕೆ ಅದರದೇ ಬೂಟು ಬೇಕು, ಹಾಗಾಗಿ ನಮಗಲ್ಲ. ಹಿಂದಿನಿಂದ ಕಾಲು ತೂರಿಸುವ ರಿಯರ್ ಎಂಟ್ರಿ ಕಾಕಾಗೆ ಬಹಳ ಹಿಡಿಸಿತು. ಬಗ್ಗುವುದು ಕಡಿಮೆ ಅಂತ. ಹಾಕಿಕೊಳ್ಳುವವನು ನಾನು ಅನ್ನೋದನ್ನು ಅವರು ಮರೆತಿದ್ದರು. ಚಾನೆಲ್ಲಿಗೆ ಮಾತ್ರ ಕೂರುವ ಇಎಸ್‌ಟಿ ಬೈಂಡಿಂಗ್ ಸೊಗಸಾಗಿದೆ, ಆದರೆ ನಾಳೆ ಬೋರ್ಡ್ ಬದಲಾದರೆ ಅದಕ್ಕೆ ಶೋಕೇಸೇ ಗತಿ. ತೂತಿನ ಬೋರ್ಡಿಗೂ ಸೀಳಿನ ಬೋರ್ಡಿಗೂ ಹೊಂದುವ ಡಿಸ್ಕ್, ಅಂದರೆ ಸ್ಕ್ರೂ ಹಾಕುವ ದುಂಡು ತಟ್ಟೆ, ಇರುವ ಎರಡು ಪಟ್ಟಿಯದೇ ಸರಿ ಎಂದೆ. ಅದನ್ನು ಮಾಡುವ ಕಂಪನಿಯ ಸೈಜ್ ಚಾರ್ಟಿನಲ್ಲಿ ಬೂಟಿನ ಅಳತೆ ನೋಡಿದರೆ ಮೀಡಿಯಂ ಬಂತು. ಬೆಲೆ ಇಪ್ಪತ್ತು ಸಾವಿರದ ಹತ್ತಿರ. ಅವ್ವನಿಗೆ ಹೇಳುವಾಗ ಒಂದು ಸೊನ್ನೆ ಮನೆಯ ಹೊರಗೇ ಬಿಟ್ಟು ಬಂದೆ. ಆದರೂ "ಎರಡ್ ಸಾವ್ರ! ಎರಡ್ ಪಟ್ಟಿಗೆ!" ಅಂದಳು.

ಪಾರ್ಸೆಲ್ ಬಂದದ್ದು ಭಾನುವಾರ ಮುಂಜಾನೆ. ಹಾಲಿನಲ್ಲಿ ಗಾದಿ ಹಾಸಿ ಮೇಲೆ ಬೋರ್ಡ್ ಇಟ್ಟೆ. ಚಾನೆಲ್ ಆದ್ದರಿಂದ ಒಂದು ಕಾಲಿಗೆ ಎರಡೇ ಸ್ಕ್ರೂ. ತೂತಿನ ಬೋರ್ಡಿಗಾದರೆ ನಾಲ್ಕು. ಎರಡು ಕಾಲಿನ ನಡುವೆ ಭುಜದಗಲಕ್ಕಿಂತ ತುಸು ಜಾಸ್ತಿ ಜಾಗ ಬಿಟ್ಟೆ. ಮುಂದಿನ ಕಾಲು ಬೋರ್ಡಿನ ಮೂತಿಯ ಕಡೆ 15 ಡಿಗ್ರಿ, ಹಿಂದಿನದು ಬಾಲದ ಕಡೆ 9 ಡಿಗ್ರಿ ತಿರುಗಿಸಿದೆ. ಬೂಟಿನ ಮೂತಿ ಒಂದು ಅಂಚಿನಿಂದ, ಹಿಮ್ಮಡಿ ಇನ್ನೊಂದು ಅಂಚಿನಿಂದ ಸಮವಾಗಿ ಸ್ವಲ್ಪ ಹೊರಗೆ ಬರಬೇಕು. ಒಂದೇ ಕಡೆ ಜಾಸ್ತಿ ಬಂದರೆ ಬೋರ್ಡ್ ವಾಲಿದಾಗ ಬೆರಳು ಹಿಮಕ್ಕೆ ತಾಗಿ ಬೀಳಿಸುತ್ತದೆ. ಅಕ್ಕನ ಮಗ ಕಂಪಾಸ್ ಪೆಟ್ಟಿಗೆಯ ಸ್ಕೇಲು ಹಿಡಿದು ಅಳೆದ. ಒಂದು ಕಡೆ ಎರಡು ಮಿಲಿಮೀಟರ್ ಜಾಸ್ತಿ ಅಂದ. ಅವನ ಗಣಿತದ ಅಂಕ ಗೊತ್ತಿದ್ದರಿಂದ ಬಿಟ್ಟುಬಿಟ್ಟೆ.

ಅವನೂ ಅವ್ವನೂ ಕಪಿಲೇಶ್ವರ ಗುಡಿಗೆ ಹೋದರು. ನಾನು ಎರಡೂ ಕಾಲು ಬಿಗಿದೆ. ಹಲ್ಲಿನ ಪಟ್ಟಿಯನ್ನು ಬಕಲ್ಲಿಗೆ ತೂರಿಸಿ ಲಿವರ್ ಎತ್ತಿದರೆ ಕರ್ರ್, ಕರ್ರ್ ಎಂದು ಬಿಗಿಯಾಗುತ್ತದೆ. ಒಳ್ಳೆ ಮಜಾ. ಎದ್ದು ನಿಂತೆ. ಮೊಣಕಾಲು ಮಡಿಸಿದೆ. ಹೈಬ್ಯಾಕ್ ಮೀನಖಂಡಕ್ಕೆ ಸರಿಯಾಗಿ ಆತುಕೊಂಡಿತು. ಆಗಲೇ ಬಾಗಿಲಲ್ಲಿ ಕೂಗು. "ಗ್ಯಾಸ್!"

ಸ್ಕೀ ಬೈಂಡಿಂಗಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಸ್ಕೀ ಹಾಕಿಕೊಂಡವನು ಬಿದ್ದರೆ ಅದು ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ಇದು ಬಿಡುವುದಿಲ್ಲ. ಬಿದ್ದರೂ ಬೋರ್ಡಿನ ಜೊತೆಗೇ ಬೀಳಬೇಕು. ಹಾಗೇ ಬಿದ್ದೆ, ಪುಣ್ಯಕ್ಕೆ ಗಾದಿಯ ಮೇಲೆ. ಬಾಗಿಲು ಮುಂದೆ ಮಾಡಿತ್ತು ಅಷ್ಟೇ. ಗ್ಯಾಸಿನವನು ಸಿಲಿಂಡರ್ ಉರುಳಿಸಿಕೊಂಡು ಒಳಗೆ ಬಂದ, ನನ್ನನ್ನು ನೋಡಿದ, ಏನೂ ಕೇಳಲಿಲ್ಲ. ಅವನು ಎಷ್ಟು ಮನೆ ನೋಡಿರಬೇಕು.

"ಕೋಡ್ ಹೇಳ್ರಿ ಸರ್."

ಕೋಡ್ ಬರುವ ಫೋನು ಅಡುಗೆಮನೆಯಲ್ಲಿ ಚಾರ್ಜಿಗಿತ್ತು. ತಡೀರಿ ಎಂದು ಪಟ್ಟಿ ಬಿಚ್ಚಲು ಬಗ್ಗಿದೆ. ಬಿಚ್ಚಲು ಸಣ್ಣ ಲಿವರನ್ನು ಹಿಂದಕ್ಕೆ ಎಳೆಯಬೇಕು. ಹೊಸದು, ಹಲ್ಲು ಕಚ್ಚಿ ಕೂತಿತ್ತು. ನಾನು ಎಳೆದಷ್ಟೂ ಗಾದಿಯೂ ಬೋರ್ಡೂ ನಾನೂ ಒಟ್ಟಿಗೆ ಟಿವಿ ಸ್ಟ್ಯಾಂಡಿನ ಕಡೆ ಸರಿಯುತ್ತಿದ್ದೆವು. ಗ್ಯಾಸಿನವನು ಸ್ವಲ್ಪ ಹೊತ್ತು ನೋಡಿದ. ಸಿಲಿಂಡರ್ ನಿಲ್ಲಿಸಿದ. ಬಂದು ಕುಕ್ಕರುಗಾಲಲ್ಲಿ ಕೂತು ಒಂದು ಕೈಯಿಂದ ಪಟ್ಟಿಯನ್ನು ಒಳಗೆ ಒತ್ತಿ, ಇನ್ನೊಂದು ಕೈಯ ಹೆಬ್ಬೆರಳಿನಿಂದ ಲಿವರ್ ಎತ್ತಿದ. ಪಟ್ ಎಂದು ಬಿಟ್ಟಿತು. ಇನ್ನೊಂದು ಕಾಲಿನದೂ ಬಿಟ್ಟಿತು.

"ಹೆಂಗ್ ಗೊತ್ತಾತ್ರಿ ನಿಮಗ?"

"ಸಿಲಿಂಡರ್ ಕ್ಯಾಪ್ ಇದಕ್ಕಿಂತ ಬಿಗಿ ಇರ್ತಾವ್ರಿ" ಅಂದ. "ಈಗರೆ ಕೋಡ್ ಹೇಳ್ರಿ."