ಮೂರನೇ ತೂತಿನ ಮಹಿಮೆ

ಭರಣಿ ಮಳೆಯ ಮೊದಲ ಸಿಡಿಲು ಬಿದ್ದದ್ದು ನಮ್ಮ ಮನೆಗಲ್ಲ, ತೆಂಗಿನ ಮರಕ್ಕೂ ಅಲ್ಲ. ಅರ್ಧ ಕಿಲೋಮೀಟರ್ ಆಚೆ, ಗದ್ದೆ ಬಯಲಿನ ಕರೆಂಟ್ ಲೈನಿಗೆ. ಒಂದು ಸಿಡಿಲಿಗೆ 30,000 ಆಂಪಿಯರ್ ಮಾಮೂಲು. ನಮ್ಮ ಸಾಕೆಟ್ಟಿನ ತಾಕತ್ತು 6. ಆ ಸಿಡಿಲಿನ ಚೂರುಪಾರು ಪಾಲು ತಂತಿ ಹಿಡಿದು ಮನೆಗೆ ಬಂದು ಟಿವಿ, ಫ್ರಿಜ್ಜು, ರೌಟರ್ ಮೂವರನ್ನೂ ಮಾತಾಡಿಸಿಕೊಂಡು ಹೋಯಿತು.

ರಿಪೇರಿ ಹುಡುಗ ಟಿವಿ ಬಿಚ್ಚಿ ಮೂಸಿ ನೋಡಿದ. 'ಸಿಡಿಲು ಸಾರ್. ವಾರಂಟಿ ಬರಲ್ಲ.' ಕಾರ್ಡಿನ ಸಣ್ಣಕ್ಷರದಲ್ಲೂ ಹಾಗೇ ಇತ್ತು, ದೇವರ ಕೃತ್ಯಕ್ಕೆ ಕಂಪನಿ ಹೊಣೆಯಲ್ಲ. ಮಾರುವಾಗ ದೇವರ ಸುದ್ದಿಯನ್ನೇ ಎತ್ತದವರಿಗೆ, ಕೆಟ್ಟ ಮೇಲೆ ಎಂಥ ಭಕ್ತಿ ನೋಡಿ!

ಇನ್ಶೂರೆನ್ಸ್ ಇದೆಯಲ್ಲ ಅಂತ ಪೆಟ್ಟಿಗೆ ತಡಕಿದೆ. ಹಳೇ ಸ್ಟ್ಯಾಂಡರ್ಡ್ ಫೈರ್ ಪಾಲಿಸಿ. ಪರಿಹಾರ ಸಿಗುವ ಅಪಾಯಗಳ ಪಟ್ಟಿಯಲ್ಲಿ ಬೆಂಕಿ ಬಿಟ್ಟರೆ 2ನೇ ಹೆಸರೇ ಸಿಡಿಲು. ಖುಷಿಯಲ್ಲಿ ಪುಟ ತಿರುವಿದೆ. ವಿದ್ಯುತ್ ಉಪಕರಣವೊಂದು ಅತಿ ಒತ್ತಡಕ್ಕೋ ಶಾರ್ಟ್ ಸರ್ಕ್ಯೂಟಿಗೋ ಸಿಕ್ಕಿ ಕೆಟ್ಟರೆ, ಕಾರಣ ಏನೇ ಇರಲಿ, ಅದಕ್ಕೆ ಕಾಸಿಲ್ಲ. ಪಕ್ಕದಲ್ಲೇ ಕಂಸದೊಳಗೆ: 'ಸಿಡಿಲೂ ಸೇರಿ'. ಟಿವಿ ಹೊತ್ತಿ ಸೋಫಾಕ್ಕೆ ಬೆಂಕಿ ಬಿದ್ದಿದ್ದರೆ ಸೋಫಾಕ್ಕೆ ಹಣ ಬರುತ್ತಿತ್ತು. ನಮ್ಮ ಟಿವಿ ಸಂಭಾವಿತ. ತಾನೊಂದೇ ಸತ್ತಿತು.

ಹಾಗಂತ ನಾನೇನು ಸುಮ್ನೆ ಕೂತಿರಲಿಲ್ಲ. ಸರ್ಜ್ ಪ್ರೊಟೆಕ್ಟರ್ ಹಾಕಿದ್ದೆ. ಅದರ ಹೊಟ್ಟೆಯಲ್ಲಿ ವ್ಯಾರಿಸ್ಟರ್ ಅಂತ ಕಾಸಿನಗಲದ ಬಿಲ್ಲೆ ಇರುತ್ತೆ. ವೋಲ್ಟೇಜ್ ಮಿತಿ ಮೀರಿದ ಕೂಡಲೇ ಅದು ಜಾಸ್ತಿ ಬಂದದ್ದನ್ನು ಅರ್ಥ್ ತಂತಿಗೆ, ಅಂದರೆ ಸಾಕೆಟ್ಟಿನ ಮೂರನೇ ತೂತಿನಿಂದ ನೆಲಕ್ಕಿಳಿಯುವ ತಂತಿಗೆ, ದಾಟಿಸಬೇಕು. ದಾಟಿಸೋಕೆ ಅರ್ಥ್ ಇರಬೇಕಲ್ಲ? ಗೋಡೆಯ ಬೋರ್ಡ್ ಬಿಚ್ಚಿಸಿದೆ. ಮೂರನೇ ತೂತಿನ ಹಿಂದೆ ತಂತಿಯೇ ಇಲ್ಲ. ಕುಂಬಾರ ಹುಳ ಕಟ್ಟಿದ ಅಚ್ಚುಕಟ್ಟಾದ ಮಣ್ಣಿನ ಗೂಡು, ಒಳಗೆ ಒಣಗಿದ ನಾಲ್ಕು ಹಸಿರು ಹುಳ. ಎಲೆಕ್ಟ್ರಿಷಿಯನ್ ನಕ್ಕ. 'ಅರ್ಥ್ ಅಂದ್ರೆ ಮಣ್ಣೇ ಅಲ್ವಾ ಸಾರ್? ಇದೆಯಲ್ಲ!'

ಈ ಮನೆಗೆ ವೈರಿಂಗ್ ಮಾಡಿದ್ದೂ ಅವನೇ. ಬಿಲ್ಲಿನಲ್ಲಿ 'ಅರ್ಥಿಂಗ್ ಗುಂಡಿ 1, ಇದ್ದಿಲು, ಉಪ್ಪು' ಅಂತ ದುಡ್ಡು ಹಾಕಿದ್ದ. ಗುಂಡಿ ಎಲ್ಲಿ ಅಂದರೆ ಕಾರ್ ಶೆಡ್ಡಿನ ಟೈಲ್ಸ್ ಕೆಳಗಿದೆಯಂತೆ. ಅಲ್ಲಿಂದ ಬೋರ್ಡಿಗೆ ತಂತಿ ಎಳೆಯೋ ಮಾತು ಬಿಲ್ಲಿನಲ್ಲಿ ಇರಲಿಲ್ಲವಂತೆ. ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕಬೇಕು ಅಂತ ಬುದ್ಧಿ ಬೇರೆ ಹೇಳಿದ. ಹಾಕ್ತಾನೇ ಇದ್ದೀವಿ, ಟೈಲ್ಸ್ ಮೇಲೆ, ವಾರಕ್ಕೊಮ್ಮೆ ಕಾರು ತೊಳೆಯುವಾಗ.

ಅವನೊಬ್ಬನನ್ನೇ ಬೈದು ಏನು ಫಲ? ನಾವೆಲ್ಲ ಆ ಮೂರನೇ ತೂತನ್ನು ಬಳಸೋದು ಒಂದೇ ಕೆಲಸಕ್ಕೆ. ಎರಡು ಪಿನ್ನಿನ ಚಾರ್ಜರ್ ಒಳಗೆ ಹೋಗದಿದ್ದರೆ, ಅಲ್ಲಿಗೆ ಪೆನ್ನು ತೂರಿಸಿ ಕೆಳಗಿನ ಎರಡು ತೂತಿನ ಬಾಗಿಲು ತೆಗೆಸೋಕೆ.

ಬದುಕಿದ್ದು ಅಜ್ಜಿಯ ರೇಡಿಯೋ ಒಂದೇ. ಮೊದಲ ಗುಡುಗಿಗೇ 'ಅರ್ಜುನ, ಫಲ್ಗುಣ, ಪಾರ್ಥ' ಅನ್ನುತ್ತಾ ಎದ್ದು ಹೋಗಿ ಅದರ ಪ್ಲಗ್ ಕಿತ್ತಿದ್ದರು. ನಾವು ಟಿವಿ ನೋಡುತ್ತಾ ನಕ್ಕಿದ್ದೆವು.

ನಿನ್ನೆ ಹೊಸ ಟಿವಿ ಬಂತು. ಜೊತೆಗೆ ಅಂಗಡಿಯವರು ಹೊಸ ಸರ್ಜ್ ಪ್ರೊಟೆಕ್ಟರ್ ಫ್ರೀ ಕೊಟ್ಟಿದ್ದಾರೆ. ಕೆಂಪು ದೀಪ ಚೆನ್ನಾಗಿ ಉರೀತಿದೆ. ಬೆಳಗ್ಗೆಯಿಂದ ಕುಂಬಾರ ಹುಳವೊಂದು ಬಾಯಲ್ಲಿ ಮಣ್ಣಿನುಂಡೆ ಹಿಡಿದು ಅದರ ಸುತ್ತಲೇ ಹಾರುತ್ತಿದೆ.