ಮಂಗಳದಲ್ಲಿ ಊರು ಕಟ್ಟುವವರು ಮೊದಲು ನೀರಿನ ಲೆಕ್ಕ ಕೊಡಲಿ

ಮಂಗಳ ಗ್ರಹದಲ್ಲಿ ಊರು ಕಟ್ಟುತ್ತೇವೆ ಅಂತ ಖಾಸಗಿ ಕಂಪನಿಗಳು ಹೇಳಿದಾಗಲೆಲ್ಲ ಮಾತು ರಾಕೆಟ್ ಸುತ್ತಲೇ ಗಿರಕಿ ಹೊಡೆಯುತ್ತದೆ. ರಾಕೆಟ್ ಆಗುತ್ತದೆ ಅಂತಲೇ ಇಟ್ಟುಕೊಳ್ಳೋಣ. ಇಳಿದ ಮೇಲೆ ಉಸಿರಾಡುವುದು ಏನನ್ನು, ಕುಡಿಯುವುದು ಏನನ್ನು, ಕೆಟ್ಟ ಯಂತ್ರಕ್ಕೆ ಬಿಡಿಭಾಗ ಎಲ್ಲಿಂದ? ನನ್ನ ತಕರಾರು ಇರುವುದು ಇಲ್ಲಿ.

ಒಂದೇ ಒಂದು ಯಂತ್ರ ನೋಡಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಮೂತ್ರವನ್ನು ಬಟ್ಟಿ ಇಳಿಸಿ ನೀರು ತೆಗೆಯುವ ಯಂತ್ರವಿದೆ. 2008ರಲ್ಲಿ ಮೇಲೆ ಹೋಯಿತು. ಮೂತ್ರದ 85% ನೀರು ವಾಪಸ್ ಸಿಗಬೇಕು ಅನ್ನುವುದು ಗುರಿ. ಮರುವರ್ಷವೇ ಕಟ್ಟಿಕೊಂಡು ನಿಂತಿತು. ತೂಕವಿಲ್ಲದ ಸ್ಥಿತಿಯಲ್ಲಿ ಮೂಳೆ ಸವೆದು ಕ್ಯಾಲ್ಸಿಯಂ ಮೂತ್ರಕ್ಕೆ ಇಳಿಯುತ್ತದೆ. ಮೂತ್ರ ಕೆಡದಿರಲಿ ಅಂತ ಬೆರೆಸುತ್ತಿದ್ದ ಗಂಧಕಾಮ್ಲದ ಜತೆ ಸೇರಿ ಅದು ಜಿಪ್ಸಮ್ ಆಗಿ ಒಳಗೆ ಗಟ್ಟಿಯಾಗಿ ಕೂತಿತು. ಭೂಮಿಯಲ್ಲಿದ್ದವರ ಮೂತ್ರದಲ್ಲಿ ಅಷ್ಟು ಕ್ಯಾಲ್ಸಿಯಂ ಇಲ್ಲ, ಹಾಗಾಗಿ ಇಲ್ಲಿನ ಪರೀಕ್ಷೆಯಲ್ಲಿ ಅದು ಸಿಕ್ಕಿಬೀಳಲಿಲ್ಲ. ಬದಲಿ ಭಾಗ ಮೇಲೆ ಹೋಯಿತು, ಕೆಟ್ಟದ್ದನ್ನು ಕೆಳಗಿಳಿಸಿ ಬಿಚ್ಚಿ ನೋಡಿದರು, ಕೊನೆಗೆ ಆಮ್ಲವನ್ನೇ ಬದಲಾಯಿಸಿ ಫಾಸ್ಫಾರಿಕ್ ಆಮ್ಲಕ್ಕೆ ಬಂದರು. ನಿಲ್ದಾಣದ ಒಟ್ಟು ನೀರಿನಲ್ಲಿ 98% ಮರುಬಳಕೆ ಸಾಧ್ಯವಾದದ್ದು 2023ರಲ್ಲಿ.

ಇದೆಲ್ಲ ಆದದ್ದು 400 ಕಿಲೋಮೀಟರ್ ಎತ್ತರದಲ್ಲಿ. ಮಂಗಳಕ್ಕೆ ಹೊರಡುವ ಅವಕಾಶ ಬರುವುದು 26 ತಿಂಗಳಿಗೊಮ್ಮೆ, ಪ್ರಯಾಣಕ್ಕೆ ಮತ್ತೆ ಆರರಿಂದ ಒಂಬತ್ತು ತಿಂಗಳು. ಅವಕಾಶ ಈಗಷ್ಟೇ ದಾಟಿದ್ದರೆ ಒಂದು ಪಂಪ್ ಬರಲು ಮೂರು ವರ್ಷದ ಹತ್ತಿರ ಕಾಯಬೇಕು. ಭೂಮಿಯ 38% ಮಾತ್ರ ಇರುವ ಅಲ್ಲಿನ ಗುರುತ್ವದಲ್ಲಿ ಮೂಳೆ ಎಷ್ಟು ಸವೆಯುತ್ತದೆ ಅನ್ನುವುದೂ ಗೊತ್ತಿಲ್ಲ. ಅರೆಗುರುತ್ವದಲ್ಲಿ ಮನುಷ್ಯ ಅತಿ ಹೆಚ್ಚು ಇದ್ದದ್ದೇ ಚಂದ್ರನ ಮೇಲೆ ಮೂರು ದಿನ, 1972ರಲ್ಲಿ.

ಇನ್ನು ವಾಪಸ್ ಬರುವ ಇಂಧನ. ಸ್ಪೇಸ್‌ಎಕ್ಸ್ 2017ರಲ್ಲಿ ತೋರಿಸಿದ ನೌಕೆಯ ಟ್ಯಾಂಕಿಗೆ 240 ಟನ್ ಮೀಥೇನ್, 860 ಟನ್ ಆಮ್ಲಜನಕ ಬೇಕು. ಅದನ್ನು ಅಲ್ಲಿನ ಇಂಗಾಲದ ಡೈಆಕ್ಸೈಡ್ ಮತ್ತು ಮಂಜುಗಡ್ಡೆಯಿಂದ ಮಾಡುತ್ತೇವೆ ಅನ್ನುತ್ತಾರೆ. ರಸಾಯನಶಾಸ್ತ್ರ ಸರಿಯಾಗಿಯೇ ಇದೆ. ಆದರೆ ಗುಣಿಸಿ ನೋಡಿ: 16 ಗ್ರಾಂ ಮೀಥೇನ್‌ಗೆ 36 ಗ್ರಾಂ ನೀರು, ಅಂದರೆ 540 ಟನ್ ಮಂಜುಗಡ್ಡೆಯನ್ನು ಅಗೆದು, ಕರಗಿಸಿ, ಶುದ್ಧ ಮಾಡಬೇಕು. ಒಂದಿಷ್ಟೂ ನಷ್ಟವಿಲ್ಲದೆ ಮಾಡಿದರೂ 37 ಲಕ್ಷ ಯೂನಿಟ್ ವಿದ್ಯುತ್, ವಾಸ್ತವದಲ್ಲಿ ಅದರ ದುಪ್ಪಟ್ಟು. 26 ತಿಂಗಳು ಹಗಲು ರಾತ್ರಿ ನಿಲ್ಲದೆ ಸುಮಾರು 400 ಕಿಲೋವ್ಯಾಟ್. ಸೌರಫಲಕ ಅಂದರೆ, 2018ರ ಧೂಳಿನ ಬಿರುಗಾಳಿ ಸೌರಶಕ್ತಿಯಿಂದ ನಡೆಯುತ್ತಿದ್ದ ನಾಸಾದ ಆಪರ್ಚುನಿಟಿ ರೋವರನ್ನೇ ಮುಗಿಸಿತು. ಮಂಗಳದ ಗಾಳಿಯಿಂದ ಮನುಷ್ಯ ಇದುವರೆಗೆ ತೆಗೆದ ಆಮ್ಲಜನಕ, ನಾಸಾದ ಮಾಕ್ಸಿ ಉಪಕರಣದ್ದು, ಒಟ್ಟು 122 ಗ್ರಾಂ. ಪುಟ್ಟ ಉಪಕರಣ, ಚೆನ್ನಾಗಿಯೇ ಕೆಲಸ ಮಾಡಿತು. ಆದರೂ ಅದು ಒಬ್ಬರಿಗೆ ಮೂರೂವರೆ ಗಂಟೆಯ ಉಸಿರು.

ಮಂಗಳದಲ್ಲಿ ಜನರನ್ನು ನೆಲೆಗೊಳಿಸುತ್ತೇವೆ ಅಂದಿದ್ದ ಮಾರ್ಸ್ ಒನ್ ಕಂಪನಿ ಇದ್ಯಾವುದರ ಉತ್ತರವೂ ಇಲ್ಲದೆ ಜನರಿಂದ ಅರ್ಜಿ ಶುಲ್ಕ ತೆಗೆದುಕೊಂಡಿತು, 2019ರಲ್ಲಿ ದಿವಾಳಿಯಾಯಿತು. ಆಸೆ ಇಟ್ಟವರ ಬಗ್ಗೆ ನನಗೆ ನಿಜಕ್ಕೂ ನೋವಿದೆ.

ಹೊರಡುವ ಮೊದಲು ಎಂಟು ಜನರನ್ನು ಭೂಮಿಯ ಮೇಲೆಯೇ 26 ತಿಂಗಳು ಮುಚ್ಚಿದ ಮನೆಯಲ್ಲಿಟ್ಟು, ಹೊರಗಿನಿಂದ ಒಂದು ಬೋಲ್ಟೂ ಕೊಡದೆ ನಡೆಸಿ, ಲೆಕ್ಕ ಬಹಿರಂಗ ಮಾಡಲಿ. ಇದರ ಹತ್ತಿರದ ಪ್ರಯತ್ನ ಅಮೆರಿಕದ ಅರಿಜೋನಾದಲ್ಲಿ 1991ರ ಬಯೋಸ್ಫಿಯರ್ 2, ಮಣ್ಣು-ಗಿಡಗಳ ಸಮೇತ ಎಂಟು ಜನರನ್ನು ಒಳಗಿಟ್ಟು ಮುಚ್ಚಿದ ಗಾಜಿನ ಕಟ್ಟಡ. ಫಲವತ್ತಾದ ಮಣ್ಣಿನ ಸೂಕ್ಷ್ಮಜೀವಿಗಳು ಆಮ್ಲಜನಕ ತಿಂದವು. ಅವು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಗಿಡಗಳಿಗೆ ಸಿಗುವ ಮೊದಲೇ ಕಾಂಕ್ರೀಟ್ ಹೀರಿತು. ಆಮ್ಲಜನಕ ಸುಮಾರು 14%ಕ್ಕೆ ಕುಸಿದು, 1993ರ ಜನವರಿಯಲ್ಲಿ ಹೊರಗಿನಿಂದ ತುಂಬಿಸಬೇಕಾಯಿತು. ಅಲ್ಲಿ ಹೊರಗೆ ಗಾಳಿ ಇತ್ತು.